ಮೈಕ್ ಸಾರ್ ಮಾತ್ರೆ ಕೇಳಿದ್ದು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ವಾಕ್ಯ: "ನೀನು ತಂದಿರ್ತೀಯ ಅಂದ್ಕೊಂಡಿದ್ದೆ."

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಈ ಮಾತನ್ನು ಅವನೂ ಹೇಳಿದ, ಅವಳೂ ಹೇಳಿದಳು. ಇಬ್ಬರೂ ಒಟ್ಟಿಗೇ ಹೇಳಿದರು. ಹೇಳಬೇಕಾದ ಹೊತ್ತಿಗಿಂತ ಕಾಲು ಗಂಟೆ ತಡವಾಗಿ ಹೇಳಿದರು ಅನ್ನುವುದೊಂದೇ ತೊಂದರೆ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು. ಆದರೆ ಅವನ ಉದ್ಯೋಗವೇ ಇದನ್ನು ಊರಿಗೆಲ್ಲ ತಿಳಿಹೇಳುವುದು. ಆರೋಗ್ಯ ಇಲಾಖೆಯ ಶಿಕ್ಷಣ ವಿಭಾಗದಲ್ಲಿ ಅವನು ಭಾಷಣಕಾರ. ನಾಲ್ಕು ವರ್ಷಗಳಲ್ಲಿ ಕಾಲೇಜು, ಹಾಸ್ಟೆಲ್ಲು, ಕಾರ್ಖಾನೆ ಅಂತ ಇನ್ನೂರ ಹನ್ನೆರಡು ಕಡೆ 'ಜವಾಬ್ದಾರಿ ಇಬ್ಬರದೂ' ಎಂಬ ವಿಷಯದ ಮೇಲೆ ಮಾತಾಡಿದ್ದ. ಧ್ವನಿವರ್ಧಕ ಕೆಟ್ಟರೂ ಕೊನೆಯ ಬೆಂಚಿನವರು ನಿದ್ದೆ ಮಾಡಲಾಗದಂಥ ಗಂಟಲು ಅವನದು. ಆದ್ದರಿಂದ ಊರಿನವರು ಅವನನ್ನು ಮೈಕ್ ಸಾರ್ ಅಂತಲೇ ಕರೆಯುತ್ತಿದ್ದರು. ಪೋಸ್ಟರಿಗೆ ರೂಪದರ್ಶಿಯನ್ನು ಕರೆಸಲು ಇಲಾಖೆಗೆ ಅನುದಾನವಿಲ್ಲದ ಕಾರಣ ಅವನನ್ನೇ ನಿಲ್ಲಿಸಿ ಫೋಟೋ ತೆಗೆದಿದ್ದರು. ಊರಿನ ಐದೂ ಔಷಧಿ ಅಂಗಡಿಗಳ ಬಾಗಿಲಲ್ಲಿ ಅವನು ಬೆರಳು ತೋರಿಸುತ್ತಾ, 'ಸಂಕೋಚ ಬೇಡ, ಕೇಳಿ ಪಡೆಯಿರಿ' ಎನ್ನುತ್ತಾ ನಿಂತಿದ್ದ.

ಅವನ ಮೇಜಿನ ಕೆಳಗೆ ಪ್ರಾತ್ಯಕ್ಷಿಕೆಗೆಂದು ಇಲಾಖೆ ಕೊಟ್ಟ ಒಂದು ದೊಡ್ಡ ಪೆಟ್ಟಿಗೆ ತುಂಬ ಕಾಂಡೋಮ್‌ಗಳಿದ್ದವು. ನಾಲ್ಕು ವರ್ಷದಲ್ಲಿ ಅದರಿಂದ ಒಂದನ್ನೂ ಅವನು ಸ್ವಂತಕ್ಕೆ ಮುಟ್ಟಿರಲಿಲ್ಲ. ಸರ್ಕಾರಿ ಸ್ವತ್ತು.

ಅವಳು ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿಗಳು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಆಮೇಲೆ ಒಂದಕ್ಷರ ಬಿಡದೆ ಒಪ್ಪಿಸುವುದು ಅವಳ ಕೆಲಸ. ಇಬ್ಬರದೂ ಎರಡು ವರ್ಷದ ಸ್ನೇಹ. ಅವಳ ಇಲಾಖಾ ಪರೀಕ್ಷೆ ಮುಗಿದ ಮೇಲೆ ಎರಡೂ ಮನೆಯಲ್ಲಿ ಹೇಳುವುದು ಅಂತ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಸುದ್ದಿ ಅವಳ ಕೋಣೆಯ ಗೆಳತಿಯನ್ನು ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು.

ಭಾನುವಾರ ಸಂಜೆಯೇ ಅವನು ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ ತರಲು ಹೋಗಿದ್ದ. ತೆರೆದಿದ್ದದ್ದು ಒಂದೇ ಅಂಗಡಿ. ಅಲ್ಲಿ ಅವನ ಚಿಕ್ಕಮ್ಮ ಮೊಣಕಾಲಿಗೆ ಮುಲಾಮು ಕೊಳ್ಳುತ್ತಾ ನಿಂತಿದ್ದಳು. "ಏನೋ ಬೇಕಿತ್ತು?" ಅಂದಳು. ಅವನು ಒಂದು ಸುರುಳಿ ಹತ್ತಿ ಕೊಂಡು ವಾಪಸ್ಸು ಬಂದ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟಿನ ಗೇಟಿನ ಹತ್ತಿರ ಸ್ಟೆನೋ ಅವನನ್ನು ಮರೆಗೆ ಕರೆದಳು.

"ಹತ್ತಿ ತಂದ್ಯಂತೆ."

"ಚಿಕ್ಕಮ್ಮ ಇದ್ರು."

"ನಾನೇ ಹೋಗ್ತಿದ್ದೆ. ಹತ್ತು ಗಂಟೆಗೆ ಪಾಟೀಸವಾಲು ಶುರು, ಒಂದು ಗಂಟೆವರೆಗೂ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ಹೋದ ವರ್ಷ ನನ್ನ ರೂಮಿನವಳು ಹೋದಾಗ ಏನಾಯ್ತು ಗೊತ್ತಲ್ಲ? 'ಮದುವೆ ಆಗಿದೆಯಾ? ಗಂಡನ್ನ ಕಳಿಸು' ಅಂದ್ರು. ನಾಲ್ಕು ಅಂಗಡಿ ಸುತ್ತಿ ಅತ್ಕೊಂಡು ಬಂದ್ಲು."

"ಗೊತ್ತು. ಅದನ್ನ ಭಾಷಣದಲ್ಲಿ ಉದಾಹರಣೆ ಕೊಡ್ತೀನಿ."

"ನುಂಗೋದು ನಾನು. ವಾಕರಿಕೆ ಬಂದ್ರೆ ತಡ್ಕೊಳ್ಳೋದು ನಾನು. ತರೋದಾದ್ರೂ ನೀನು ಮಾಡು. 'ಹೊರೆಯನ್ನು ಒಬ್ಬರ ತಲೆಗೆ ಕಟ್ಟಿ ಇನ್ನೊಬ್ಬರು ಕೈ ಬೀಸಿಕೊಂಡು ನಡೆಯಬೇಡಿ.' ಇದು ಯಾರ ಮಾತು?"

"ನಂದೇ."

"'ಎಪ್ಪತ್ತೆರಡು ಗಂಟೆ ಇದೆಯೆಂದು ಕಾಲ ಕಳೆಯಬೇಡಿ. ಎಷ್ಟು ಬೇಗವೋ ಅಷ್ಟು ಒಳ್ಳೆಯದು.' ಇದು?"

"ಅದೂ ನಂದೇ."

"ಈಗ ಹದಿನೆಂಟು ಗಂಟೆ ಆಗಿದೆ," ಎಂದು ಹೇಳಿ ಸ್ಟೆನೋ ಒಳಗೆ ಹೋದಳು.

ಇಲಾಖೆಯ ಉಗ್ರಾಣದಲ್ಲೇ ಆ ಮಾತ್ರೆಗಳಿದ್ದವು. ಆದರೆ ಪಡೆದವರ ಹೆಸರು ಬರೆದುಕೊಳ್ಳುವ ಪುಸ್ತಕವೂ ಅಲ್ಲೇ ಇತ್ತು. ಪುಸ್ತಕ ಬರೆಯುವವರು ಅವನ ಸೋದರಮಾವ. ಮೈಕ್ 'ಸ್ವಂತ ಕೆಲಸ' ಎಂದು ಕಾರಣ ಕೊಟ್ಟು ಒಂದು ದಿನದ ರಜೆ ಹಾಕಿ, ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಹೊರಟ.

ಅಲ್ಲಿ ಮೂರು ಜನ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಅವನು ಗೋಡೆಗೆ ಒರಗಿ ಕಾದ. ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು. ಅರ್ಧ ಗಂಟೆ ಹೀಗೇ ಕಳೆಯಿತು. ನೆತ್ತಿಯ ಮೇಲೆ ಅವನದೇ ಪೋಸ್ಟರು ಬೆರಳು ತೋರಿಸುತ್ತಿತ್ತು. ಕೆಳಗೆ ಅವನು ಬೆವರುತ್ತಿದ್ದ. ಕೊನೆಗೆ ಕಣ್ಣಿನ ಹನಿ ಕೊಳ್ಳುತ್ತಿದ್ದ ಮುದುಕರೊಬ್ಬರು ಇಬ್ಬರನ್ನೂ ಒಂದು ಸಲ ನೋಡಿ, "ಪಟದಲ್ಲೇ ಚೆನ್ನಾಗಿದ್ದೀಯ," ಎಂದು ಹೇಳಿ ಹೋದರು.

ಅಂಗಡಿ ಖಾಲಿಯಾಯಿತು. ಕನ್ನಡಕವನ್ನು ಹಣೆಗೇರಿಸಿಕೊಂಡ ದಢೂತಿ ಮಾಲೀಕ, "ಏನು ಕೊಡ್ಲಿ?" ಎಂದ.

ಇನ್ನೂರ ಹನ್ನೆರಡು ಸಭೆಗಳಲ್ಲಿ ತೊದಲದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಒಂದು... ಅದು... ಎಪ್ಪತ್ತೆರಡು ಗಂಟೆದು."

ಮಾಲೀಕ ಕನ್ನಡಕ ಇಳಿಸಿದ. ಅವನ ಮುಖ ನೋಡಿದ. ಪೋಸ್ಟರ್ ನೋಡಿದ. ಮತ್ತೆ ಮುಖ ನೋಡಿದ. ತಕ್ಷಣ ಎದ್ದುನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ ಶುರುಮಾಡಿದ:

"ವೈದ್ಯರ ಚೀಟಿ ಕೇಳಲ್ಲ ಸಾರ್. ಮದುವೆ ಆಗಿದೆಯಾ ಅಂತ ಕೇಳಲ್ಲ. ವಯಸ್ಸಿಗೆ ಬಂದವರು ಯಾರು ಬಂದ್ರೂ ಮುಖ ಸಿಂಡರಿಸದೆ ಕೊಡ್ತೀವಿ. ಉಪದೇಶ ಮಾಡಲ್ಲ."

"ಒಳ್ಳೇದು. ಕೊಡಿ."

"ಕೊಡ್ತೀವಿ ಸಾರ್. ಯಾರು ಕೇಳಿದ್ರೂ ಕೊಡ್ತೀವಿ."

"ನನಗೆ ಕೊಡಿ."

ಮಾಲೀಕ ಹ್ಹೆಹ್ಹೆ ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಪಾಸಾದ್ನಾ ಸಾರ್?" ಎಂದು ಪಿಸುಗುಟ್ಟಿದ.

ಮೈಕ್‌ಗೆ ಆಗ ಅರ್ಥವಾಯಿತು. ಎರಡು ತಿಂಗಳ ಹಿಂದೆ ಇಲಾಖೆ ಎಲ್ಲ ಅಂಗಡಿಗಳಿಗೂ ಒಂದು ಸುತ್ತೋಲೆ ಕಳಿಸಿತ್ತು: ಗಿರಾಕಿಯ ವೇಷದಲ್ಲಿ ಅಧಿಕಾರಿಗಳು ಯಾವಾಗ ಬೇಕಾದರೂ ತಪಾಸಣೆಗೆ ಬರಬಹುದು. ಕರಡು ಬರೆದವನು ಅವನೇ. ಇದುವರೆಗೆ ಯಾರೂ ಹೋಗಿರಲಿಲ್ಲ.

"ಇದು ತಪಾಸಣೆ ಅಲ್ಲ," ಎಂದ.

"ಅಲ್ಲವೇ ಅಲ್ಲ ಸಾರ್," ಎಂದ ಮಾಲೀಕ, ಕಣ್ಣು ಮಿಟುಕಿಸಿ. "ಆದ್ರೆ ಮಾಲು ಇವತ್ತು ಬೆಳಿಗ್ಗೆ ತಾನೇ ಮುಗೀತು. ಭಾರೀ ಬೇಡಿಕೆ. ನೀವು ಟೀ ಕುಡಿದೇ ಹೋಗ್ಬೇಕು."

ಆ ಅಂಗಡಿಯಲ್ಲಿ ಆ ಮಾತ್ರೆ ಎಂದೂ ಬಂದಿರಲೇ ಇಲ್ಲ ಎಂಬುದು, ಕಪಾಟಿನ ಕಡೆ ನೋಡದೆ ಅವನು ಹೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೈಕ್ ಬೇಡವೆಂದರೂ ಬಿಡದೆ ಟೀ ಕುಡಿಸಿದ. ಅವನು ಲೋಟ ಕೆಳಗಿಡುವಷ್ಟರಲ್ಲಿ ಮಾಲೀಕ ಫೋನಿನಲ್ಲಿ ಯಾರಿಗೋ, "ಹೊರಟಿದ್ದಾರೆ. ತಯಾರಾಗಿರಿ," ಎನ್ನುತ್ತಿದ್ದ.

ಎರಡನೆಯ ಅಂಗಡಿ ಪೇಟೆ ಬೀದಿಯದು. ನಡೆಸುವವಳು ಓದಿಕೊಂಡ ಹೆಂಗಸು, ಚುರುಕು, ಸುಮಾರು ನಲವತ್ತರವಳು. ಅವನು ಹೋಗುವಷ್ಟರಲ್ಲಿ ಅವಳು ಹೊಸ ಬಿಳಿ ಕೋಟು ತೊಟ್ಟು ನಿಂತಿದ್ದಳು. ಕೋಟಿನ ಕಾಲರಿನಲ್ಲಿ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಸಾಲಿನಲ್ಲಿ ಆರೇಳು ಜನ. ಮೂರನೆಯವಳನ್ನು ನೋಡಿ ಮೈಕ್ ಹೊಸ್ತಿಲಲ್ಲೇ ನಿಂತ. ಅವರ ಎದುರು ಮನೆಯ ಆಂಟಿ. ಅವಳಿಗೆ ಹೇಳಿದರೆ ಪತ್ರಿಕೆಯಲ್ಲಿ ಹಾಕಿಸುವ ಖರ್ಚು ಉಳಿಯುತ್ತದೆ ಎಂದು ಬೀದಿಯಲ್ಲೆಲ್ಲ ಹೆಸರಾದವಳು.

ಅವನು ಹಿಂದಕ್ಕೆ ತಿರುಗುವಷ್ಟರಲ್ಲಿ, "ಬನ್ನಿ ಸಾರ್, ಬನ್ನಿ! ಏನು ಬೇಕಾಗಿತ್ತು, ಸಂಕೋಚ ಬೇಡ, ಕೇಳಿ ಪಡೆಯಿರಿ!" ಎಂದಳು ಕೋಟಿನವಳು. ಸಾಲು ಪೂರ್ತಿ ತಿರುಗಿ ನೋಡಿತು.

ಅವನು ಮುಂದೆ ಬಾಗಿ ಅವಳ ಕಿವಿಯ ಹತ್ತಿರ ಹೇಳಿದ.

"ಗೌಪ್ಯತೆ!" ಎಂದು ಅವಳು ಕೂಗಿದಳು. "ಗಿರಾಕಿಯ ಗೌಪ್ಯತೆ ಕಾಪಾಡುವುದು ನಮ್ಮ ಕರ್ತವ್ಯ! ಸ್ವಲ್ಪ ಎಲ್ರೂ ಆ ಕಡೆ ತಿರುಗಿ, ಇವರಿಗೆ ತುರ್ತು ಗರ್ಭನಿರೋಧಕ ಮಾತ್ರೆ ಬೇಕಂತೆ."

ಎಲ್ಲರೂ ಆ ಕಡೆ ತಿರುಗಿದರು. ಕಿವಿಗಳು ಮಾತ್ರ ಈ ಕಡೆಯೇ ಇದ್ದವು. ಅಂಗಡಿಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ, ಹಗ್ಗಕ್ಕೆ ಒಂದು ಹಾಸಿಗೆ ಹೊದಿಕೆ ಇಳಿಬಿಟ್ಟಿದ್ದರು. ಹಗ್ಗ ಕಳಚಿಕೊಂಡಿದ್ದರಿಂದ ಒಂದು ತುದಿಯನ್ನು ಗಿರಾಕಿಯೊಬ್ಬರು ಹಿಡಿದರು. ಇನ್ನೊಂದು ತುದಿಯನ್ನು ಎದುರು ಮನೆ ಆಂಟಿ ತಾನಾಗಿಯೇ ಬಂದು ಹಿಡಿದುಕೊಂಡಳು.

"ಎಷ್ಟು ಹೊತ್ತಾಯ್ತು ಸಾರ್?" ಎಂದು ಕೋಟಿನವಳು ಕೇಳಿದಳು.

ಮೈಕ್ ಗಡಿಯಾರ ನೋಡಿದ. "ಇಪ್ಪತ್ತು ಗಂಟೆ."

"ನೋಡಿ, ಎಷ್ಟು ಕರಾರುವಾಕ್ಕಾಗಿ ತಯಾರಾಗಿ ಬಂದಿದ್ದಾರೆ! ಸಾರ್, ಇದು ಗರ್ಭಪಾತದ ಮಾತ್ರೆ ಅಲ್ಲ. ಪದೇ ಪದೇ ನುಂಗುವಂಥದ್ದಲ್ಲ. ಇದು ರೋಗಗಳನ್ನ ತಡೆಯಲ್ಲ. ಎರಡು ಮೂರು ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ತಗೋಬೇಕು. ಮುಟ್ಟು ಒಂದು ವಾರ ಹಿಂದೆ ಮುಂದೆ ಆಗಬಹುದು, ಅದಕ್ಕಿಂತ ತಡವಾದ್ರೆ ಪರೀಕ್ಷೆ ಮಾಡಿಸ್ಬೇಕು. ನಿಮಗೆ ಅರ್ಥ ಆಯ್ತಾ?"

"ಆಯ್ತು."

"ನಿಮ್ಮ ಸಂಗಾತಿಗೆ ತಿಳಿಸಿ ಹೇಳ್ತೀರಾ?"

"ಅವಳಿಗೆ ಬಾಯಿಪಾಠ ಬರುತ್ತೆ," ಎಂದುಬಿಟ್ಟ ಮೈಕ್.

ಹೊದಿಕೆ ಒಮ್ಮೆ ಅಲ್ಲಾಡಿತು. ಅದರ ಮೇಲಿನಿಂದ ಆಂಟಿಯ ತಲೆ ಕಾಣಿಸಿಕೊಂಡಿತು. "ಇವನಿಗ್ಯಾಕಮ್ಮ ಅದು? ಇವನಿಗೆ ಇನ್ನೂ ಮದುವೆನೇ ಆಗಿಲ್ಲ! ಇವರಮ್ಮ ಹೆಣ್ಣು ಹುಡುಕಿ ಹುಡುಕಿ ಸುಸ್ತಾಗಿದ್ದಾರೆ."

ಕೋಟಿನವಳು ಈ ಗಳಿಗೆಗಾಗಿಯೇ ಕಾಯುತ್ತಿದ್ದವಳಂತೆ ನೆಟ್ಟಗಾದಳು. "ಅಮ್ಮಾ, ಮದುವೆ ವಿಷಯ ಕೇಳೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಕೇಳಿದ ಮನುಷ್ಯನ ಮರ್ಯಾದೆ ದೊಡ್ಡದು."

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹೊದಿಕೆ ಹಿಡಿದಿದ್ದ ಗಿರಾಕಿ ಚಪ್ಪಾಳೆ ತಟ್ಟಲು ಹೊದಿಕೆಯನ್ನೇ ಬಿಟ್ಟರು.

ಹೆಂಗಸು ಕಪಾಟಿನಿಂದ ಒಂದು ಪುಟ್ಟ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. ಒಳಗೆ ಒಂದೇ ಒಂದು ಮಾತ್ರೆ. ಅದಕ್ಕಾಗಿ ಮೈಕ್ ಕೈ ಚಾಚಿದ. ಅವನ ಬೆರಳು ತಾಗುವ ಮೊದಲೇ ಅವಳು ಪೊಟ್ಟಣವನ್ನು ಎತ್ತಿ ವಾಪಸ್ಸು ಕಪಾಟಿನಲ್ಲಿಟ್ಟಳು.

"ಪರೀಕ್ಷೆ ಮುಗೀತಲ್ಲ ಸಾರ್. ಇದೊಂದೇ ಉಳಿದಿರೋದು. ನಿಜವಾಗಿ ಬೇಕಾದವರಿಗೆ ಇರ್ಲಿ."

"ನನಗೇ ನಿಜವಾಗಿ ಬೇಕು!"

"ಎಂಥ ಅಭಿನಯ!" ಎಂದರು ಹೊದಿಕೆ ಹಿಡಿದಿದ್ದ ಆ ಗಿರಾಕಿ. "ನೋಡಿ, ಕಣ್ಣಲ್ಲಿ ನೀರು ಬೇರೆ ತಂದ್ಕೊಂಡಿದ್ದಾರೆ."

ಬೀದಿಗೆ ಬಂದ ಮೈಕ್‌ನ ಫೋನು ಎರಡು ನಿಮಿಷದಲ್ಲೇ ಬಡಿದುಕೊಳ್ಳತೊಡಗಿತು. ಅಮ್ಮ. ಎತ್ತಲಿಲ್ಲ. ಮತ್ತೆ ಅಮ್ಮ. ಎದುರು ಮನೆಯಿಂದ ಸುದ್ದಿ ರಸ್ತೆ ದಾಟಿದೆ ಎಂದು ಖಾತ್ರಿಯಾಯಿತು. ಮೂರನೇ ಸಲಕ್ಕೆ ಫೋನನ್ನು ಆರಿಸಿ ಜೇಬಿಗೆ ಹಾಕಿಕೊಂಡ.

ಮುಂದಿನ ಎರಡು ಅಂಗಡಿಗಳು ಹನ್ನೊಂದೂವರೆಗೇ 'ಊಟಕ್ಕೆ ಹೋಗಿದ್ದೇವೆ' ಎಂದು ಬಾಗಿಲೆಳೆದುಕೊಂಡಿದ್ದವು. ಒಂದರ ಒಳಗಿನಿಂದ, "ಹೋದ್ರಾ ನೋಡು," ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು. ಮೈಕ್ ಬಾಗಿಲ ಸಂದಿಗೆ ಬಾಯಿಟ್ಟು, "ನಾನು ತಪಾಸಣೆಗೆ ಬಂದಿಲ್ಲ. ದಮ್ಮಯ್ಯ, ಒಂದೇ ಒಂದು ಮಾತ್ರೆ ಕೊಡಿ," ಎಂದ. ಒಳಗೆ ದೀಪ ಆರಿತು.

ಬಿಸಿಲು ಏರಿತ್ತು. ಐದನೆಯ ಅಂಗಡಿಯವರೆಗೆ ನಡೆಯುತ್ತಾ ಅವನಿಗೆ ಮೊದಲ ಸಲ ಸ್ಟೆನೋಳ ಗೆಳತಿಯ ನೆನಪು ಬೇರೆ ಥರ ಬಂತು. ಅವಳ ಕತೆಯನ್ನು ಅವನು ಎಷ್ಟೋ ಸಲ ವೇದಿಕೆಯ ಮೇಲೆ ಹೇಳಿದ್ದ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಎರಡು ಕ್ಷಣ ನಿಲ್ಲಬೇಕು ಎಲ್ಲ ಅವನಿಗೆ ಅಭ್ಯಾಸವಾಗಿತ್ತು. ನಾಲ್ಕು ಅಂಗಡಿ ಅಂದರೆ ಎಷ್ಟು ದೂರ ಎಂದು ಮಾತ್ರ ನಡೆದು ನೋಡಿರಲಿಲ್ಲ. ಅವನನ್ನಾದರೂ ಎಲ್ಲ ಕಡೆ ಸಾರ್ ಅಂದಿದ್ದರು, ಒಂದು ಕಡೆ ಟೀ ಕೊಟ್ಟಿದ್ದರು. ಅವಳಿಗೆ ಏನಂದಿದ್ದರೋ. ಅದನ್ನು ಅವನು ಕೇಳಿಯೂ ಇರಲಿಲ್ಲ.

ಐದನೆಯದು ಆಸ್ಪತ್ರೆ ರಸ್ತೆಯ ದೊಡ್ಡ ಅಂಗಡಿ. ಅದರ ಮಾಲೀಕರು ಔಷಧಿ ವ್ಯಾಪಾರಿಗಳ ಸಂಘದ ಅಧ್ಯಕ್ಷರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಮಾತು. ಮೈಕ್ ಈ ಸಲ ಸಂಕೋಚವನ್ನೆಲ್ಲ ಬೀದಿಯಲ್ಲೇ ಬಿಟ್ಟು ಒಳಗೆ ಹೋದ. ಹತ್ತು ಜನರ ಮುಂದೆ, ತನ್ನ ಪೂರ್ತಿ ಗಂಟಲಿನಲ್ಲಿ, "ನನಗೆ ತುರ್ತು ಗರ್ಭನಿರೋಧಕ ಮಾತ್ರೆ ಬೇಕು. ಒಂದು. ಈಗಲೇ," ಎಂದ.

ಅಧ್ಯಕ್ಷರು ಎದ್ದು ಕೈಮುಗಿದರು. "ನೀವು ಬರ್ತೀರ ಅಂತ ಗೊತ್ತಿತ್ತು. ನಾವು ಕಾನೂನು ಬಲ್ಲವರು ಸಾರ್. ಮಾದರಿಯನ್ನ ತಪಾಸಣೆ ಮಾಡೋರ ಕೈಗೆ ಬಿಡಿಯಾಗಿ ಕೊಡೋದು ತಪ್ಪಾಗುತ್ತೆ. ಅರಗಿನ ಮುದ್ರೆ ಹಾಕಿ, ನಿಮ್ಮ ಸಾಹೇಬರ ಹೆಸರಿಗೆ, ಆಗಲೇ ಕಚೇರಿಗೆ ಕಳಿಸಿಬಿಟ್ಟಿದ್ದೀವಿ."

"ಎಷ್ಟು ಕಳಿಸಿದ್ರಿ?"

"ಇದ್ದ ಆರನ್ನೂ. ಮುಚ್ಚಿಡೋ ಅಭ್ಯಾಸ ನಮಗಿಲ್ಲ."

ಮೈಕ್ ಕಚೇರಿ ತಲುಪಿದಾಗ ಎರಡು ಗಂಟೆಯಾಗಿತ್ತು. ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ನಿವೃತ್ತಿಗೆ ಎಂಟು ತಿಂಗಳಿದ್ದ ಸಾಹೇಬರು ತಮ್ಮ ಕುರ್ಚಿಯಿಂದ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರು ಯಾರ ಕೈಯನ್ನೂ ಹಿಡಿದದ್ದು ಆ ಕಚೇರಿಯ ಇತಿಹಾಸದಲ್ಲಿರಲಿಲ್ಲ.

"ರಜೆ ಹಾಕಿ ತಪಾಸಣೆ ಮಾಡೋರನ್ನ ನಾನು ನನ್ನ ಸರ್ವೀಸಲ್ಲಿ ನೋಡಿಲ್ಲ ಕಣ್ರೀ! ಬೆಳಿಗ್ಗೆಯಿಂದ ನಾಲ್ಕು ಫೋನು. ಸಂಘದವರು ಪ್ರಶಂಸಾ ಪತ್ರ ಕಳಿಸಿದ್ದಾರೆ. ಮೇಲಿನವರಿಗೆ ತಿಳಿಸಿದೆ. ಭೇಷ್ ಅಂದ್ರು. ನನಗೆ, ಭೇಷ್!"

ಮೇಜಿನ ಮೇಲೆ ಅರಗಿನ ಮುದ್ರೆಯ ಲಕೋಟೆ ಇತ್ತು. ಮೈಕ್‌ನ ಕಣ್ಣು ಅದರ ಮೇಲೆಯೇ ನೆಟ್ಟಿತು. "ಸಾರ್, ಅದರಲ್ಲಿ ಒಂದನ್ನ... ಹೆಚ್ಚಿನ ಪರಿಶೀಲನೆಗೆ ಅಂತ... ನಾನು ಮನೆಗೆ..."

"ಸಾಕ್ಷ್ಯ ಕಣ್ರೀ ಇದು!" ಸಾಹೇಬರು ಲಕೋಟೆಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಒಳಜೇಬಿಗೆ ಇಳಿಸಿದರು.

ಮೈಕ್ ಕುರ್ಚಿಯಲ್ಲಿ ಕುಸಿದ. ಇಪ್ಪತ್ತಮೂರು ಗಂಟೆ ಆಗಿತ್ತು. ಇನ್ನು ಮರ್ಯಾದೆ ಉಳಿಸಿಕೊಂಡು ಮಾಡಬೇಕಾದ್ದೇನೂ ಇರಲಿಲ್ಲ. ಕೆಲಸ ಹೋದರೂ ಹೋಗಲಿ ಎಂದುಕೊಂಡ.

"ಸಾರ್, ನಿಜ ಹೇಳ್ತೀನಿ ಕೇಳಿ. ಇದು ತಪಾಸಣೆ ಅಲ್ಲ. ಆ ಮಾತ್ರೆ ನನಗೇ ಬೇಕಾಗಿತ್ತು. ನಾನೂ ಒಬ್ಬ ಹುಡುಗಿನೂ... ತಪ್ಪು ನಂದೂ ಇದೆ ಸಾರ್. ಊರಿಗೆಲ್ಲ ಜವಾಬ್ದಾರಿ ಹೇಳೋ ನಾನೇ ಮರೆತೆ. ಅವಳು ಅಲ್ಲಿ ಕಾಯ್ತಾ ಇದ್ದಾಳೆ. ಕೈಮುಗೀತೀನಿ, ಒಂದು ಮಾತ್ರೆ ಕೊಟ್ಬಿಡಿ."

ಸಾಹೇಬರು ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು.

"ಇದೇ," ಎಂದರು ಗದ್ಗದವಾಗಿ. "ಅಂಗಡಿಯವರು ಇದನ್ನೇ ಹೇಳಿದ್ರು. 'ಎಷ್ಟು ಒತ್ತಾಯ ಮಾಡಿದ್ರೂ ಪಾತ್ರ ಬಿಡಲಿಲ್ಲ ಸಾರ್' ಅಂತ. ನನ್ನ ಮುಂದೆನೂ ಬಿಡಲಿಲ್ಲ ನೋಡಿ ನೀವು! ಇನ್ಮೇಲೆ ಪ್ರತಿ ಸೋಮವಾರ ಇದು ನಿಮ್ಮದೇ ಕೆಲಸ. ಆದೇಶ ಟೈಪ್ ಆಗ್ತಿದೆ."

ಮೈಕ್ ಕಪಾಟಿನ ಬೀಗ ನೋಡಿದ.

"ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದು ಸಾಹೇಬರು ಮುಂದೆ ಬಾಗಿದರು. "ನಿಮಗಿಂತ ನೀವು ಕಳಿಸಿದ ಮೇಡಮ್ಮು ಒಂದು ಕೈ ಮೇಲು."

"ಯಾವ ಮೇಡಮ್ಮು?"

"ಮುಚ್ಚಿಡಬೇಡ್ರೀ. ಪೇಟೆ ಬೀದಿ ಅಂಗಡಿಯವರು ಎಲ್ಲ ಹೇಳಿದ್ರು. ಒಂದೂ ಕಾಲಿಗೆ ಬಂದ್ರಂತೆ. ತೆಳ್ಳಗೆ, ಬೆಳ್ಳಿ ಚೌಕಟ್ಟಿನ ಕನ್ನಡಕ. ಸುತ್ತಿ ಬಳಸಿ ಮಾತಿಲ್ಲ. ನೇರವಾಗಿ ಮಾತ್ರೆ ಹೆಸರು ಹೇಳಿ, ಒಂದು ಕೊಡಿ ಅಂದ್ರಂತೆ. ಅಂಗಡಿಯವರು ಹೇಳಿದ ಸಲಹೆಯನ್ನೆಲ್ಲ ನಿಂತಲ್ಲೇ ಅದೇನೋ ಕೊಕ್ಕೆ ಕೊಕ್ಕೆ ಅಕ್ಷರದಲ್ಲಿ ಬರ್ಕೊಂಡ್ರಂತೆ. ಅಷ್ಟೇ ಅಲ್ಲ," ಸಾಹೇಬರ ದನಿ ಭಕ್ತಿಯಿಂದ ತಗ್ಗಿತು, "ಎಲ್ಲರ ಎದುರಿಗೇ ನೀರು ಕೇಳಿ ಮಾತ್ರೆಯನ್ನ ನುಂಗೇ ಬಿಟ್ರಂತೆ! ತಪಾಸಣೆಗೋಸ್ಕರ! ನೀವು ಇಷ್ಟು ವರ್ಷದಲ್ಲಿ ಒಂದು ಸಲ ನುಂಗಿದ್ದೀರಾ?"

"ಇಲ್ಲ ಸಾರ್."

"ನಾಳೆ ಹತ್ತು ಗಂಟೆಗೆ ಸಭಾಂಗಣದಲ್ಲಿ ನಿಮ್ಮಿಬ್ಬರಿಗೂ ಸನ್ಮಾನ. ಪತ್ರಿಕೆಯವರು ಬರ್ತಾರೆ, ಮೇಲಿನವರೂ ಬರ್ತಾರೆ. ನಮ್ಮ ವಿಭಾಗದಲ್ಲಿ ಹೆಣ್ಣುಮಕ್ಕಳೇ ಇಲ್ಲವಲ್ಲ, ಎಲ್ಲಿಂದ ಕರೆಸಿದ್ರಿ ಅಂತ ನಾನು ಕೇಳಲ್ಲ. ಆದ್ರೆ ಅವರ ಹೆಸರು, ಹುದ್ದೆ ಮಾತ್ರ ನಾಳೆ ಬೆಳಿಗ್ಗೆ ಒಳಗೆ ನನಗೆ ಬೇಕು. ಬ್ಯಾನರ್ ಬರೆಸ್ಬೇಕು."

ಮೈಕ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಫೋನು ಹಚ್ಚಿದ. ಅಮ್ಮನಿಂದ ಹದಿನಾಲ್ಕು ಕರೆ. ಸ್ಟೆನೋಳಿಂದ ಮೂರು ಕರೆ, ಒಂದು ಸಂದೇಶ: 'ಒಂದು ಹದಿನೆಂಟಕ್ಕೆ ನುಂಗಿದೆ. ನೀನು ಎಲ್ಲಿದ್ದೀಯ?'

ಅವನು ಅದನ್ನು ಮೂರು ಸಲ ಓದಿದ. ಅವಳು ಸರಿಯಾಗಿದ್ದಾಳೆ. ಅಷ್ಟು ಸಾಕು ಅಂದುಕೊಂಡ. ಆಮೇಲೆ ಬ್ಯಾನರಿನ ನೆನಪಾಯಿತು.

ಐದೂವರೆಗೆ ಅವಳು ಕೋರ್ಟಿನ ಗೇಟಿನಿಂದ ಹೊರಗೆ ಬಂದಳು. ಮುಖ ಸ್ವಲ್ಪ ಬಾಡಿತ್ತು. ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು.

"ವಾಕರಿಕೆ ಇದೆಯಾ?"

"ಇತ್ತು. ಈಗ ಕಮ್ಮಿ. ಒಂದು ಗಂಟೆಗೆ ಕುರ್ಚಿ ಬಿಟ್ಟು ಎದ್ದೆ, ನಿನ್ನ ಫೋನು ಆಫ್. ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ ಅಂತ ನಾನೇ ಹೋದೆ. ರೂಮಿನವಳಿಗೆ ಆದ ಹಾಗೆ ಆದ್ರೆ ಏನು ಮಾತಾಡಬೇಕು ಅಂತ ದಾರಿಯುದ್ದಕ್ಕೂ ಅಂದ್ಕೊಂಡು ಹೋದೆ ಕಣೋ. ಒಂದು ಮಾತೂ ಬೇಕಾಗ್ಲಿಲ್ಲ. ಆಯಮ್ಮ ಎದ್ದು ನಿಂತು ಕೊಟ್ರು. ಎಲ್ಲ ವಿವರವಾಗಿ ಹೇಳಿದ್ರು. ನೀರೂ ಕೊಟ್ರು."

"ನಿನ್ನನ್ನ ಇಲಾಖೆಯವಳು ಅಂದ್ಕೊಂಡ್ರು."

"ಅದು ನನಗೆ ಹ್ಯಾಗೆ ಗೊತ್ತಾಗಬೇಕು? ನುಂಗಿದ ಮೇಲೆ, 'ನೀವು ಮೈಕ್ ಸಾರ್ ಕಡೆಯವರಾ?' ಅಂತ ಕೇಳಿದ್ರು. ಹೌದು ಅಂದೆ." ಅವಳು ಅವನ ಕಡೆ ತಿರುಗಿದಳು. "ನಾನು ನಿನ್ನ ಕಡೆಯವಳೇ ಅಲ್ವಾ?"

ಮೈಕ್ ಐದು ಅಂಗಡಿಗಳ ಕತೆ ಹೇಳಿದ. ಹೊದಿಕೆ ಬಿದ್ದ ಕಡೆ ಅವಳು ನಕ್ಕಳು. ಸಾಹೇಬರಿಗೆ ಕೈಮುಗಿದ ಕಡೆ ನಗಲಿಲ್ಲ. ಸುಮ್ಮನೆ ಅವನ ಮೊಣಕೈ ಮುಟ್ಟಿದಳು. ಕೊನೆಗೆ ಅವನು ಸನ್ಮಾನದ ವಿಷಯ ಹೇಳಿದ.

"ನೀನು ಬರೋದು ಬೇಡ. ಕಾಯಿಲೆ ಅಂತ ಹೇಳ್ತೀನಿ. ವರ್ಗವಾಯ್ತು ಅಂತ ಹೇಳ್ತೀನಿ."

"ಬರ್ತೀನಿ."

"ಬಂದು ಏನಂತೀಯ?"

"ಏನು ಕೇಳ್ತಾರೋ ಅದಕ್ಕೆ ಉತ್ತರ. ದಿನಾ ಬೆಳಗಾದ್ರೆ ಜನ ಪ್ರಮಾಣ ಮಾಡಿ ಸುಳ್ಳು ಹೇಳೋದನ್ನ ಕೇಳ್ತೀನಿ. ನನಗೆ ಅದು ಬರಲ್ಲ."

ಅಷ್ಟರಲ್ಲಿ ಹದಿನೈದನೆಯ ಸಲ ಅಮ್ಮನ ಫೋನು ಬಂತು. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದು ಎತ್ತಿದ.

"ಎಲ್ಲಿ ಹಾಳಾಗಿ ಹೋಗಿದ್ಯೋ?" ಅಮ್ಮ ಶುರುಮಾಡಿದಳು. "ಎದುರು ಮನೆಯವಳು ಅಂಗಡಿಯಿಂದಲೇ ಫೋನ್ ಮಾಡಿ ಏನೇನೋ ಹೇಳಿದ್ಲು. ನನ್ನ ಎದೆ ಒಡೆದೇ ಹೋಯ್ತು. ಆಮೇಲೆ ನಿಮ್ಮ ಸಾಹೇಬ್ರು ಫೋನ್ ಮಾಡಿ, ಎಲ್ಲ ಆಫೀಸ್ ಕೆಲಸ ಅಂತ ಹೇಳಿದ ಮೇಲೆ ಜೀವ ಬಂತು. ಅವಳ ಮನೆಗೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ನನ್ನ ಮಗ ಅಂಥವನಲ್ಲ ಅಂತ."

"ಅಮ್ಮಾ..."

"ನಾಳೆ ಸನ್ಮಾನಕ್ಕೆ ನಾನು, ನಿಮ್ಮಪ್ಪ, ಚಿಕ್ಕಮ್ಮ ಎಲ್ಲ ಬರ್ತೀವಿ. ಎದುರು ಮನೆಯವಳನ್ನೂ ಕರ್ಕೊಂಡು ಬರ್ತೀನಿ, ಕಣ್ಣಾರೆ ನೋಡ್ಲಿ. ಆದ್ರೆ ಒಂದು ಮಾತು. ನಿನ್ನ ಜೊತೆ ಯಾವುದೋ ಹುಡುಗಿಗೂ ಸನ್ಮಾನ ಅಂತಲ್ಲ, ಅದೇ, ಎಲ್ಲರ ಮುಂದೆ ಆ ಮಾತ್ರೆ ನುಂಗಿದೋಳು. ಕೆಲಸ ಅಂದ್ಮೇಲೆ ಏನು ಮಾಡೋಕಾಗುತ್ತೆ, ಇರ್ಲಿ. ಆದ್ರೆ ಫೋಟೋ ತೆಗೆಯುವಾಗ ಅವಳಿಂದ ಸ್ವಲ್ಪ ದೂರ ನಿಂತ್ಕೋ. ನಾಳೆ ನಿನಗೆ ಹೆಣ್ಣು ಕೊಡೋರು ನೋಡ್ತಾರೆ."

ಅಮ್ಮನ ದನಿ ಮಗನಿಗಿಂತ ಏನೂ ಕಡಿಮೆಯದಲ್ಲ. ಆದರೂ ಬಸ್ಸೊಂದು ಹೊಗೆ ಬಿಡುತ್ತಾ ಬಂದು ನಿಂತದ್ದರಿಂದ ಸ್ಟೆನೋಗೆ ಕೊನೆಯ ಮಾತು ಕೇಳಿಸಲಿಲ್ಲ.

"ಏನಂದ್ರು ನಿಮ್ಮಮ್ಮ?"

"ನಾಳೆ ವೇದಿಕೆ ಮೇಲೆ ನಿನ್ನಿಂದ ದೂರ ನಿಲ್ಲಬೇಕಂತೆ."

"ಎಷ್ಟು ದೂರ?"

ಮೈಕ್ ಅಂದಾಜಿಗೆ ಎರಡೂ ಕೈ ಅಗಲಿಸಿ ತೋರಿಸಿದ. ಸ್ಟೆನೋ ಆ ಅಂತರವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.

"ನಿನ್ನೆ ಇಷ್ಟು ದೂರ ನಿಂತಿದ್ರೆ ಸಾಕಾಗಿತ್ತು," ಎಂದು ಹೇಳಿ, ಎದ್ದು ಬಸ್ಸು ಹತ್ತಿದಳು.